ಬ್ರಾಕೆಟ್ಟಿನೊಳಗಿನ ಹೆಸರು

ಆಸ್ಟ್ರೇಲಿಯಾದ ಲ್ಯಾಮಿಂಗ್ಟನ್ ಕಾಡಿನಲ್ಲಿ ಮೊದಲ ಸಲ ಸ್ಯಾಟಿನ್ ಬೋವರ್‌ಬರ್ಡ್ ಎಂಬ ಹಕ್ಕಿ ಕಟ್ಟಿದ್ದನ್ನು ನೋಡಿದಾಗ ಗೂಡು ಅಂದುಕೊಂಡಿದ್ದೆ. ನೆಲಕ್ಕೆ ಕಡ್ಡಿ ಸಿಕ್ಕಿಸಿ ಎಬ್ಬಿಸಿದ ಎರಡು ಗೋಡೆ, ನಡುವೆ ಗೇಣಿಗೂ ಕಿರಿದಾದ ಓಣಿ, ಬಾಗಿಲಲ್ಲಿ ನೀಲಿ ಬಾಟಲಿ ಮುಚ್ಚಳಗಳು, ಬಟ್ಟೆ ಒಣಹಾಕುವ ಒಂದು ನೀಲಿ ಕ್ಲಿಪ್. ಗೀಜಗ ನೋಡಿ ಬೆಳೆದವರ ಹಣೆಬರಹ! ಇದು ಗಂಡು ಹೆಣ್ಣನ್ನು ಒಲಿಸಿಕೊಳ್ಳುವ ಜಾಗ ಮಾತ್ರ. ಗೂಡನ್ನು ಹೆಣ್ಣು ಮರದ ಮೇಲೆ ತಾನೊಬ್ಬಳೇ ಕಟ್ಟಿಕೊಳ್ಳುತ್ತದೆ.

ಊರಿನ ಹಕ್ಕಿಪ್ರಿಯ ಗೆಳೆಯರಿಗೆಂದು ಕನ್ನಡದಲ್ಲಿ ಟಿಪ್ಪಣಿ ಬರೆಯಲು ಕೂತೆ. ಮೊದಲು ವೈಜ್ಞಾನಿಕ ಹೆಸರು, ಪಕ್ಕದಲ್ಲಿ ಹೆಸರಿಟ್ಟ ಪಕ್ಷಿತಜ್ಞ ಮತ್ತು ಇಸವಿ: ಟಿಲೊನೊರಿಂಕಸ್ ವಯೊಲೇಸಿಯಸ್ (ವಿಯೆಯೋ, 1816). ಬ್ರಾಕೆಟ್ ಯಾಕೆ ಸುಮ್ಮನೆ ಅಂತ ತೆಗೆದುಹಾಕಿದೆ. ಕೆಳಗಿನ ಸಾಲಿನಲ್ಲಿ ನಾನೇ ಬರೆದಿದ್ದೆ: ಟಿಲೊನೊರಿಂಕಸ್ ಎಂಬ ಜಾತಿಗೆ (ಜೀನಸ್, ಹತ್ತಿರದ ಪ್ರಭೇದಗಳ ಗುಂಪು) ಹೆಸರಿಟ್ಟವನು ಕೂಲ್ ಎಂಬ ಇನ್ನೊಬ್ಬ ತಜ್ಞ, 1820. ಹಾಗಾದರೆ ನಾಲ್ಕು ವರ್ಷ ಮೊದಲೇ ವಿಯೆಯೋ ಅದನ್ನು ಬಳಸಿದ್ದು ಹೇಗೆ?

ಒಂದು ಹಾಳೆಯಲ್ಲಿ ಇಸವಿ ಪ್ರಕಾರ ಹೆಸರುಗಳನ್ನು ಬರೆದುಕೊಂಡೆ. 1816ರಲ್ಲಿ ವಿಯೆಯೋ ಇಟ್ಟಿದ್ದು ಪಿರೋಕೊರಾಕ್ಸ್ ವಯೊಲೇಸಿಯಸ್. ಪಿರೋಕೊರಾಕ್ಸ್ ಅಂದರೆ ಹಿಮಾಲಯದಲ್ಲೂ ಕಾಣುವ ಚಫ್‌ಗಳ ಜಾತಿ, ಕಾಗೆಯ ಕುಟುಂಬದ್ದು. ಮಿರಮಿರ ಮಿಂಚುವ ಕಡುನೀಲಿ ಗಂಡು ಅವನಿಗೆ ಕಾಗೆಯ ಬಳಗದಂತೆ ಕಂಡಿರಬೇಕು. 1820ರಲ್ಲಿ ಕೂಲ್ ಕೊಕ್ಕಿನ ಬುಡಕ್ಕೆ ಗರಿ ಹಬ್ಬಿದ್ದನ್ನು ಗಮನಿಸಿ ಟಿಲೊನೊರಿಂಕಸ್, ಅಂದರೆ ಗರಿಗೊಕ್ಕು, ಎಂಬ ಹೊಸ ಜಾತಿಯನ್ನೇ ಮಾಡಿದ. ಪ್ರಭೇದಕ್ಕೆ ಹೋಲೊಸೆರಿಸಿಯಸ್ ಅಂದ, ಮೈಯೆಲ್ಲ ರೇಷ್ಮೆ. (ಮರುವರ್ಷವೇ ಜಾವಾದಲ್ಲಿ ತೀರಿಕೊಂಡ, ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ.) ರೇಷ್ಮೆಯ ಹೆಸರೇ ಚೆನ್ನಾಗಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೆ ಪ್ರಭೇದದ ಹೆಸರಿನಲ್ಲಿ ಮೊದಲು ಬಂದವನದೇ ಹಕ್ಕು. ಹೀಗೆ ಕೂಲ್‌ನ ಜಾತಿ, ವಿಯೆಯೋನ ಪ್ರಭೇದ ಸೇರಿಕೊಂಡವು. ಹೆಸರಿಟ್ಟವನು ಹಕ್ಕಿಯನ್ನು ಮೊದಲು ಬೇರೆ ಜಾತಿಯಲ್ಲಿ ಕೂರಿಸಿದ್ದ ಎಂದು ಹೇಳುವುದಕ್ಕೇ ಆ ಬ್ರಾಕೆಟ್. ಗೌಲ್ಡ್ ಹೆಸರಿಸಿದ ಇನ್ನೊಂದು ಬೋವರ್‌ಬರ್ಡ್, ಕ್ಲಾಮಿಡೆರಾ ಸರ್ವಿನಿವೆಂಟ್ರಿಸ್, ಮೊದಲಿಂದಲೂ ಕ್ಲಾಮಿಡೆರಾ ಜಾತಿಯಲ್ಲೇ ಇದೆ, ಅದಕ್ಕೇ ಅಲ್ಲಿ ಬ್ರಾಕೆಟ್ ಇಲ್ಲದೆ ಬರೀ ಗೌಲ್ಡ್, 1850.

ಇನ್ನೊಂದು ಕಡೆಯೂ ಎಡವಿದೆ. ರೀಜೆಂಟ್ ಬೋವರ್‌ಬರ್ಡಿಗೆ 1808ರಲ್ಲಿ ಲೆವಿನ್ ಬರೆದದ್ದು ಮೆಲಿಫೇಗಾ ಕ್ರೈಸೊಸೆಫಲಾ. ಈಗ ಸೆರಿಕ್ಯುಲಸ್ ಕ್ರೈಸೊಸೆಫಲಸ್. ಯಾರೋ ತಪ್ಪಚ್ಚು ಮಾಡಿದ್ದಾರೆ ಅಂದುಕೊಂಡೆ. ಅಲ್ಲ, ಜಾತಿಯ ಹೆಸರಿನ ಲಿಂಗ ಬದಲಾದರೆ ವಿಶೇಷಣದ ಬಾಲವೂ ಬದಲಾಗಬೇಕು, ಸಂಸ್ಕೃತದ ಸುಂದರಃ, ಸುಂದರೀ ಇದ್ದ ಹಾಗೆ.

ಕುಟುಂಬದ ವಿಚಾರದಲ್ಲಿ ಹಳೆಯ ಪುಸ್ತಕ ನಂಬಬೇಡಿ. ಅಲ್ಲಿ ಬೋವರ್‌ಬರ್ಡ್‌ಗಳು ಸ್ವರ್ಗದ ಹಕ್ಕಿಗಳ ಪಕ್ಕದ ಮನೆಯವು. ಡಿಎನ್‌ಎ ನೋಡಿದರೆ ಆಸ್ಟ್ರೇಲಿಯಾದ, ಮರ ಹತ್ತುವ ಟ್ರೀಕ್ರೀಪರ್ ಹಕ್ಕಿಗಳಿಗೆ ಹತ್ತಿರ.

ಕನ್ನಡದ ಹೆಸರು ಮಾತ್ರ ಇನ್ನೂ ಬಗೆಹರಿದಿಲ್ಲ. ಫೋನಿನಲ್ಲಿ ಕೇಳಿದಾಗ ಅಪ್ಪ, "ಮದುವೆಗೆ ಯಾರಾದ್ರೂ ಗೂಡು ಕಟ್ತಾರೇನೋ? ಚಪ್ಪರ ಅನ್ನು" ಅಂದರು. ಚಪ್ಪರದ ಹಕ್ಕಿ ಅಂತಲೇ ಬರೆದೆ. ಅದಕ್ಕೆ ಮೇಲೆ ಚಾವಣಿ ಇಲ್ಲ ಅನ್ನುವುದನ್ನು ಅಪ್ಪನಿಗೆ ಹೇಳಿಲ್ಲ.