ಗುಡ್ಡದ ಮಗ್ಗುಲಿನ ಹಿತ್ತಲು ಬಾಳಿಕೆ ಬರಬೇಕಾದರೆ

ಸಿರ್ಸಿ ಕಡೆಯ ನಮ್ಮ ಮನೆಗೆ ಮೇಲೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ಒಣ ಎಲೆ ತರಲು ಬಿಟ್ಟ ಕಾಡು), ಕೆಳಗೆ ಅಡಿಕೆ ತೋಟ, ನಡುವೆ ಇಳಿಜಾರಿನ ಹಿತ್ತಲು. ಇಂಥ ಜಾಗದಲ್ಲಿ ಹೊಸದಾಗಿ ಗಿಡ ಹಾಕುವವರು ಮೊದಲು ಕೇಳುವುದು 'ಯಾವುದಕ್ಕೆ ರೇಟಿದೆ?' ಅಂತ. ಮೊದಲು ಮಣ್ಣು ನಿಲ್ಲಬೇಕು. ರೇಟು ಆಮೇಲೆ.

ಜೋರು ಮಳೆ ಬರುವಾಗ ಕೊಡೆ ಹಿಡಿದು ಹಿತ್ತಲಲ್ಲಿ ನಿಂತು ನೋಡಿ. ನೀರು ಕೆಂಪಾಗಿ ಓಡುವ ಕಡೆ ಇಳಿಜಾರಿಗೆ ಅಡ್ಡವಾಗಿ ಸಣ್ಣ ಅಗಳ ತೋಡಿ. ತೆಗೆದ ಮಣ್ಣನ್ನು ಕೆಳಬದಿಗೆ ಏರಿ ಮಾಡಿ ಲಾವಂಚ ನೆಡಿ. ಅದರ ಬೇರು ನೇರ ಕೆಳಗಿಳಿದು ಮಣ್ಣು ಹಿಡಿಯುತ್ತದೆ. ದಯವಿಟ್ಟು ಜೆಸಿಬಿ ತರಿಸಿ ಸಮತಟ್ಟು ಮಾಡಬೇಡಿ. ಸತ್ವವಿರುವ ಮೇಲ್ಮಣ್ಣೆಲ್ಲ ಅಡಿಗೆ ಸೇರಿಬಿಡುತ್ತದೆ.

ಎತ್ತರಕ್ಕೆ ಹಲಸು, ಅಪ್ಪೆಮಾವು, ಹುಳಿಹಣ್ಣಿನ ಉಪ್ಪಾಗೆ. ಅದರ ಕೆಳಗೆ ಮುರುಗಲು (ಕೋಕಂ), ಜಾಯಿಕಾಯಿ, ಬಾಳೆ. ನೆಲದಲ್ಲಿ ಕೆಸು, ಅರಿಶಿನ, ಸುವರ್ಣಗೆಡ್ಡೆ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಅಡಿಕೆಗೆ ಎಲೆಚುಕ್ಕೆ ರೋಗ ಬಂದಮೇಲೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿಯಲ್ಲಿ ಸುಮಾರು ಅರ್ಧ ಗಂಡೇ ಆಗುತ್ತವೆ. ಕಸಿ ಗಿಡವನ್ನೇ ತನ್ನಿ.

ಕಾಳುಮೆಣಸಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಳ್ಳೆ ಫಸಲು ಕೊಡುವ ಬಳ್ಳಿಯ ಬುಡದಿಂದ ನೆಲದ ಮೇಲೆ ಹಬ್ಬುವ ಕುಡಿಗಳಿರುತ್ತವಲ್ಲ, ಅವನ್ನು ಚಳಿಗಾಲದಲ್ಲೇ ಒಂದು ಕೋಲಿಗೆ ಸುತ್ತಿಡಿ. ಮಣ್ಣಿಗೆ ತಾಗಿ ಬೇರು ಬಿಡಬಾರದು. ಫೆಬ್ರವರಿ, ಮಾರ್ಚ್ ಹೊತ್ತಿಗೆ 2-3 ಗೆಣ್ಣಿನ ತುಂಡು ಮಾಡಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ನೆಟ್ಟು ನೆರಳಲ್ಲಿಡಿ. ಮಳೆ ಹಿಡಿದ ಮೇಲೆ ಮರದ ಬುಡದಿಂದ ಒಂದಡಿ ದೂರಕ್ಕೆ, ಉತ್ತರದ ಬದಿಗೆ ನೆಡಿ. ಮರದ ಮರೆ ಇರುವುದರಿಂದ ಬಿಸಿಲು ಬಡಿಯುವುದಿಲ್ಲ. ಬುಡದ ಮಣ್ಣು ಸುತ್ತಲಿಗಿಂತ ಏರಿರಲಿ. ನೀರು ನಿಂತಲ್ಲಿ ಸೊರಗು ರೋಗ ಬೇಗ ಹಿಡಿಯುತ್ತದೆ. ನೆರಳು ಜಾಸ್ತಿ ಇದ್ದರೆ ಪಣಿಯೂರು-1 ತಳಿ ಬೇಡ, ಕರಿಮುಂಡ ತಳಿ ಹಾಕಿ. ಬಳ್ಳಿ ಹಬ್ಬಿಸಿದ ಹಾಲವಾಣದ ಕೊಂಬೆಗಳನ್ನು ಮಳೆಗಾಲಕ್ಕೆ ಮೊದಲು ಸವರಿ, ಸೊಪ್ಪನ್ನು ಅಲ್ಲೇ ಬುಡಕ್ಕೆ ಹಾಕಿ. ಬೆಳಕೂ ಸಿಕ್ಕಿತು, ಗೊಬ್ಬರವೂ ಆಯಿತು.

ಇನ್ನು ದರಕು, ಅಂದರೆ ಉದುರಿದ ಒಣ ಎಲೆ. ಬೆಟ್ಟ ನಮ್ಮ ಪಾಲಿಗಿದೆ ಅಂತ ಎಲ್ಲವನ್ನೂ ಗುಡಿಸಿ ಕೊಟ್ಟಿಗೆಗೆ ತರುವುದು ನನಗೆ ಸರಿ ಕಾಣುವುದಿಲ್ಲ. ಬೆಟ್ಟದ ಮರಕ್ಕೂ ಅದೇ ಊಟ. ಈ ವರ್ಷ ಒಂದು ಬದಿ ಗುಡಿಸಿದರೆ ಮುಂದಿನ ವರ್ಷ ಆ ಬದಿ ಮುಟ್ಟಬೇಡಿ. ಸೊಪ್ಪು ಕಡಿಯುವಾಗ ಮರದ ತಲೆ ಬೋಳಿಸದೆ ತುದಿಯ ಕೊಂಬೆಗಳನ್ನು ಬಿಡಿ. ಬೀಜ ಬಿದ್ದು ಹೊಸ ಗಿಡ ಏಳಲಿ. ಹಿತ್ತಲಿನ ಎಲೆಗೆ ಸುಮ್ನೆ ಬೆಂಕಿ ಹಾಕುವುದನ್ನಂತೂ ಇವತ್ತೇ ನಿಲ್ಲಿಸಿ.

ಮುದಿ ಮರ ಬೀಳುವ ಮೊದಲೇ ಪಕ್ಕದಲ್ಲಿ ಸಸಿ ಎದ್ದಿರಬೇಕು. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ. ಹಣ್ಣು ಕೊಯ್ದ ವಾರದೊಳಗೆ ಮಣ್ಣಿಗೆ ಹಾಕಿ, ದನ ಮೇಯದ ಹಾಗೆ ಸುತ್ತ ಮುಳ್ಳು ಕಟ್ಟಿ.