ಬ್ಯಾಟರಿ ಬದಲಿಸಿದ ಮೇಲೆ ಸ್ಮಾಗ್ ಚೆಕ್: ಕಾರನ್ನು ಸಿದ್ಧ ಮಾಡಿದ ನನ್ನ ಅನುಭವ

ಬೆಂಗಳೂರಿನಲ್ಲಿ ಎಮಿಷನ್ ಟೆಸ್ಟ್ ಅಂದರೆ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಂತ ವ್ಯಾನು, ಸೈಲೆನ್ಸರಿಗೆ ತೂರಿಸುವ ಕೊಳವೆ, ಕೈಗೆ ಬರುವ ಸರ್ಟಿಫಿಕೇಟು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಸ್ಮಾಗ್ ಚೆಕ್, 2000ನೇ ಮಾಡೆಲ್ ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ 2015ರಿಂದ ಆ ಕೊಳವೆಯೇ ಇಲ್ಲ. ಬಾನೆಟ್ ಎತ್ತಿ ಕಣ್ಣಾಡಿಸುತ್ತಾರೆ, ಸ್ಟೀರಿಂಗ್ ಕೆಳಗಿನ ಒಬಿಡಿ (ದೋಷ ಪತ್ತೆಯ) ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿ ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ: ನಿನ್ನನ್ನು ನೀನು ಪರೀಕ್ಷೆ ಮಾಡಿಕೊಂಡಿದ್ದೀಯಾ? ದೋಷ ಏನಾದರೂ ಕಂಡಿತಾ? ಮೊದಲ ಪ್ರಶ್ನೆಗೆ ‘ಇನ್ನೂ ಇಲ್ಲ’ ಎಂಬ ಉತ್ತರ ಬಂದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಸರ್ಟಿಫಿಕೇಟು ಸಿಗುವುದಿಲ್ಲ.

ನನ್ನ 2011ರ ಹೋಂಡಾ ಅಕಾರ್ಡ್ ಇದೇ ಸ್ಥಿತಿಯಲ್ಲಿತ್ತು. ಚಳಿಗಾಲದಲ್ಲಿ ಹಳೆಯ ಬ್ಯಾಟರಿ ಪೂರ್ತಿ ಸತ್ತಿತು, ಹೊಸದು ಹಾಕಿದೆ. ಅದೇ ಹೊತ್ತಿಗೆ ರಿಜಿಸ್ಟ್ರೇಷನ್ ನವೀಕರಣದ ನೋಟಿಸು ಬಂತು, ಸ್ಮಾಗ್ ಚೆಕ್ ಬೇಕು ಎಂಬ ಸಾಲೂ ಅದರಲ್ಲಿತ್ತು. ಕರೆಂಟು ಪೂರ್ತಿ ಹೋದರೆ ಕಂಪ್ಯೂಟರು ತನ್ನ ಸ್ವಯಂಪರೀಕ್ಷೆಗಳ, ಅಂದರೆ ರೆಡಿನೆಸ್ ಮಾನಿಟರುಗಳ, ಫಲಿತಾಂಶವನ್ನೆಲ್ಲ ಕಳೆದುಕೊಳ್ಳುತ್ತದೆ. ಸ್ಕ್ಯಾನರಿನಿಂದ ದೋಷದ ಕೋಡ್ ಅಳಿಸಿದರೂ ಅಷ್ಟೇ. ಕೋಡ್ ಅಳಿಸಿ, ಚೆಕ್ ಎಂಜಿನ್ ಲೈಟ್ ಆರಿಸಿ, ಅಲ್ಲಿಂದ ನೇರ ಟೆಸ್ಟಿಗೆ ಹೋಗುವುದನ್ನು ತಡೆಯುವುದೇ ಈ ನಿಯಮದ ಉದ್ದೇಶ. ನನ್ನಂಥವರಿಗೆ ಇದರಿಂದ ತೊಂದರೆ ಆಗುವುದು ನಿಜ. ಆದರೂ ನಾನು ಈ ನಿಯಮದ ಪರ. ಕಾರುಗಳ ಹೈಡ್ರೋಕಾರ್ಬನ್ನು, ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತವೆ, ಲಾಸ್ ಏಂಜಲೀಸಿನ ಕಣ್ಣುರಿಸುವ ಮಬ್ಬಿಗೆ ಅದೇ ಕಾರಣ ಎಂದು ರಸಾಯನವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟದ್ದು ಈ ರಾಜ್ಯದಲ್ಲೇ. ಇಲ್ಲಿ ಸ್ಮಾಗ್ ಚೆಕ್ ಶುರುವಾದದ್ದು 1984ರಲ್ಲಿ. ನಮ್ಮ ಮಕ್ಕಳು ಉಸಿರಾಡುವುದೂ ಇದೇ ಗಾಳಿಯನ್ನು.

ಟೆಸ್ಟಿಗೆ ಹೋಗುವ ಮೊದಲು ಮಾನಿಟರುಗಳ ಸ್ಥಿತಿಯನ್ನು ಮನೆಯಲ್ಲೇ ನೋಡಿಕೊಳ್ಳಿ, ಇದೊಂದನ್ನು ಬಿಡಬೇಡಿ. ಅಗ್ಗದ ಬ್ಲೂಟೂತ್ ಒಬಿಡಿ ರೀಡರೊಂದು ನನ್ನಲ್ಲಿದೆ. ಫೋನಿನ ಆ್ಯಪ್‌ನಲ್ಲಿ ‘ರೆಡಿನೆಸ್’ ಪುಟ ತೆರೆದರೆ ಯಾವುದು ಮುಗಿದಿದೆ, ಯಾವುದು ಬಾಕಿ ಎಂದು ಕಾಣುತ್ತದೆ. ರೀಡರ್ ಇಲ್ಲದಿದ್ದರೂ ನನ್ನಂಥ ಹೋಂಡಾದಲ್ಲಿ ಒಂದು ಉಪಾಯವಿದೆ: ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್‌ಗೆ ತಿರುಗಿಸಿ. ಚೆಕ್ ಎಂಜಿನ್ ಲೈಟ್ ಸುಮಾರು 20 ಸೆಕೆಂಡ್ ಉರಿಯುತ್ತದೆ. ಆಮೇಲೆ ಆರಿಹೋದರೆ ಸಿದ್ಧ, ಮಿನುಗಿದರೆ ಇನ್ನೂ ಸಿದ್ಧವಿಲ್ಲ. ಆದರೆ ಯಾವ ಮಾನಿಟರ್ ಬಾಕಿ ಎಂದು ಅದು ಹೇಳುವುದಿಲ್ಲ. ನನಗೆ ಬೇಕಿದ್ದದ್ದು ಅದೇ. ಏಕೆಂದರೆ ಇಲ್ಲಿ 2000 ಮತ್ತು ನಂತರದ ಪೆಟ್ರೋಲ್ ಕಾರಿಗೆ ಇವ್ಯಾಪ್, ಅಂದರೆ ಟ್ಯಾಂಕಿನ ಪೆಟ್ರೋಲ್ ಆವಿ ಸೋರದಂತೆ ಹಿಡಿಯುವ ವ್ಯವಸ್ಥೆಯ ಮಾನಿಟರ್ ಒಂದು ಮಾತ್ರ ಬಾಕಿ ಇದ್ದರೆ ನಡೆಯುತ್ತದೆ. ಕ್ಯಾಟಲಿಸ್ಟ್ (ಹೊಗೆಯನ್ನು ಶುದ್ಧ ಮಾಡುವ ಭಾಗ), ಆಕ್ಸಿಜನ್ ಸೆನ್ಸರ್, ಅದರ ಹೀಟರ್ ಎಲ್ಲ ಮುಗಿದಿರಲೇಬೇಕು. ಕೇಂದ್ರದ ಪರಿಸರ ಸಂಸ್ಥೆ ಇಪಿಎಯ ಸೂಚನೆಯಂತೆ ನಡೆಯುವ ರಾಜ್ಯಗಳಲ್ಲಿ 2001 ಮತ್ತು ನಂತರದ ಕಾರಿಗೆ ಯಾವುದಾದರೂ ಒಂದು ಬಾಕಿ ಇದ್ದರೆ ನಡೆಯುತ್ತದೆ.

‘ಒಂದು ವಾರ ಸುಮ್ಮನೆ ಓಡಿಸಿ, ತಾನಾಗಿ ಸರಿಹೋಗುತ್ತೆ’ ಎಂದು ಎಲ್ಲರೂ ಹೇಳುತ್ತಾರೆ. ಹೈವೇ, ಊರೊಳಗಿನ ರಸ್ತೆ ಎರಡರಲ್ಲೂ ಓಡಿಸುವವರಿಗೆ ಅದು ಸಾಕು. ಮನೆಯಿಂದ ಆಫೀಸಿಗೆ ಸಿಗ್ನಲಿನಿಂದ ಸಿಗ್ನಲಿಗೆ ಓಡಿಸುವ ನನಗೆ ಸಾಕಾಗಲಿಲ್ಲ. ಕ್ಯಾಟಲಿಸ್ಟ್ ಬಾಕಿಯೇ ಉಳಿದಿತ್ತು. ಆಗ ಕಾರಿನ ಓನರ್ಸ್ ಮ್ಯಾನ್ಯುಯಲ್ ತೆಗೆದೆ. ಈ ಮಾನಿಟರುಗಳನ್ನು ಮುಗಿಸಲೆಂದೇ ಹೋಂಡಾ ಅದರಲ್ಲಿ ಕ್ರಮ ಬರೆದಿದೆ. ಕಂಡಕಂಡ ವಿಡಿಯೊ ನೋಡುವುದಕ್ಕಿಂತ ನಿಮ್ಮ ಕಾರಿನ ಪುಸ್ತಕವನ್ನೇ ನಂಬಿ, ಈ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ.

ಟ್ಯಾಂಕ್ ಮುಕ್ಕಾಲು ತುಂಬಿರಬೇಕು. ಕಾರು ಕನಿಷ್ಠ 6 ಗಂಟೆ ಆಫ್ ಆಗಿ ನಿಂತಿರಬೇಕು. ಹೊರಗಿನ ತಾಪಮಾನ 40ರಿಂದ 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 4ರಿಂದ 35 ಸೆಲ್ಸಿಯಸ್ ಒಳಗಿರಬೇಕು. ಶನಿವಾರ ಸಂಜೆ ಪೆಟ್ರೋಲ್ ಹಾಕಿಸಿ ಕಾರು ನಿಲ್ಲಿಸಿದೆ. ಭಾನುವಾರ ಬೆಳಿಗ್ಗೆ ಆ್ಯಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ 20 ಸೆಕೆಂಡ್ ಐಡಲ್ ಬಿಟ್ಟೆ. ಪಾರ್ಕ್‌ನಲ್ಲೇ 2000 ಆರ್‌ಪಿಎಂಗೆ ಏರಿಸಿ ಸುಮಾರು 3 ನಿಮಿಷ ಹಿಡಿದೆ, ಮತ್ತೆ 20 ಸೆಕೆಂಡ್ ಐಡಲ್. ಇದರ ನಂತರ ಗಂಟೆಗೆ 50ರಿಂದ 60 ಮೈಲಿ ವೇಗದಲ್ಲಿ ಕನಿಷ್ಠ 20 ನಿಮಿಷ, ಕ್ರೂಸ್ ಕಂಟ್ರೋಲ್ ಹಾಕದೆ.

ರಸ್ತೆಯ ಆಯ್ಕೆ ಇಲ್ಲಿ ಮುಖ್ಯ. ಸ್ಯಾನ್ ಹೋಸೆಯಲ್ಲಿರುವವರಿಗೆ ಮೊದಲು ನೆನಪಾಗುವುದು 280 ಹೈವೇ. ನೋಡಲು ಬಹಳ ಚೆಂದ, ಆದರೆ ಏರಿಳಿತ ಜಾಸ್ತಿ, ಕಾಲು ಒಂದೇ ಕಡೆ ನಿಲ್ಲುವುದಿಲ್ಲ. ನಾನು 101 ಹೈವೇಯಲ್ಲಿ ದಕ್ಷಿಣಕ್ಕೆ ಹೊರಟೆ. ಕಯೋಟಿ ಕಣಿವೆಯಿಂದ ಗಿಲ್‌ರಾಯ್‌ವರೆಗೆ ರಸ್ತೆ ಬಹುಪಾಲು ಸಮತಟ್ಟು. ಲಾರಿಗಳಿಗೆ ಇಲ್ಲಿ 55 ಮೈಲಿಯ ಮಿತಿ, ಆದ್ದರಿಂದ ಬಲಗಡೆಯ ಲೇನಿನಲ್ಲಿ ಯಾರಿಗೂ ಅಡ್ಡವಾಗದೆ ನಮಗೆ ಬೇಕಾದ ವೇಗ ಸಿಗುತ್ತದೆ. ಗಿಲ್‌ರಾಯ್ ಹತ್ತಿರವಾದಂತೆ ಬೆಳ್ಳುಳ್ಳಿ ವಾಸನೆಯೂ ಸಿಗುತ್ತದೆ.

ಮ್ಯಾನ್ಯುಯಲ್ ಕೇಳುವ ಕಷ್ಟದ ಕೆಲಸವೆಂದರೆ 90 ಸೆಕೆಂಡ್ ಆ್ಯಕ್ಸಿಲರೇಟರನ್ನು ಒಂದಿಷ್ಟೂ ಅಲುಗಾಡಿಸದೆ ಹಿಡಿಯುವುದು. ಒಂದೇ ಸಲ ಆಗದಿದ್ದರೆ 30 ಸೆಕೆಂಡಿನಂತೆ ಮೂರು ಸಲ ಹಿಡಿದರೂ ಆಗುತ್ತದೆ. ಕಾರಣ ತಿಳಿದರೆ ಕಾಲು ತಾನಾಗಿ ಸ್ಥಿರವಾಗುತ್ತದೆ. ಕ್ಯಾಟಲಿಸ್ಟಿನ ಮುಂದೊಂದು, ಹಿಂದೊಂದು ಸೆನ್ಸರ್ ಇವೆ. ಮುಂದಿನದು ಎಂಜಿನ್ನಿನಿಂದ ಬರುವ ಹೊಗೆಯಲ್ಲಿ ಆಕ್ಸಿಜನ್ ಏರಿಳಿಯುವುದನ್ನು ನೋಡುತ್ತದೆ. ಒಳ್ಳೆಯ ಕ್ಯಾಟಲಿಸ್ಟ್ ಕೆರೆಯ ಹಾಗೆ: ಹೆಚ್ಚಿದ್ದಾಗ ಆಕ್ಸಿಜನ್ ಹಿಡಿದಿಟ್ಟುಕೊಳ್ಳುತ್ತದೆ, ಕಡಿಮೆಯಾದಾಗ ಬಿಡುತ್ತದೆ. ಹಾಗಾಗಿ ಹಿಂದಿನ ಸೆನ್ಸರಿನ ರೀಡಿಂಗ್ ಶಾಂತವಾಗಿರುತ್ತದೆ. ಅದೂ ಮುಂದಿನದರಂತೆ ಕುಣಿಯತೊಡಗಿದರೆ ಕ್ಯಾಟಲಿಸ್ಟ್ ಸೋತಿದೆ ಎಂದರ್ಥ. ಈ ಎರಡನ್ನೂ ಹೋಲಿಸುವಾಗ ನಾವು ಪೆಡಲ್ ಒತ್ತಿ ಬಿಟ್ಟು ಮಾಡಿದರೆ ಏರಿಳಿತ ನಮ್ಮಿಂದ ಬಂತೋ ಕ್ಯಾಟಲಿಸ್ಟಿನಿಂದ ಬಂತೋ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅದು ಪರೀಕ್ಷೆಯನ್ನು ಅಲ್ಲಿಗೇ ಕೈಬಿಡುತ್ತದೆ.

ವಾಪಸ್ ಬರುವಾಗ ಮಾರ್ಗನ್ ಹಿಲ್ ಊರೊಳಗೆ ಮಾಂಟೆರೆ ರೋಡ್ ಹಿಡಿದೆ. ಊರಿನ ಟ್ರಾಫಿಕ್ಕಿನಲ್ಲಿ 10 ನಿಮಿಷವಾದರೂ ಓಡಿಸಬೇಕು, ಅವಕಾಶ ಸಿಕ್ಕಾಗ ಆ್ಯಕ್ಸಿಲರೇಟರೂ ಬ್ರೇಕೂ ಮುಟ್ಟದೆ ಕೆಲವು ಸೆಕೆಂಡ್ ಕಾರನ್ನು ಅದರ ಪಾಡಿಗೆ ಉರುಳಲು ಬಿಡಬೇಕು. ಮನೆಗೆ ಬಂದು ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ರೀಡರ್ ಹಾಕಿದೆ. ಕ್ಯಾಟಲಿಸ್ಟ್ ಮುಗಿದಿತ್ತು, ಇವ್ಯಾಪ್ ಮಾತ್ರ ಬಾಕಿ. ಮರುದಿನವೇ ಟೆಸ್ಟಿಗೆ ಹೋದೆ, ಪಾಸಾಯಿತು.

ಲೈಟ್ ಉರಿದು ಕೋಡ್ ಬಂದಿದ್ದ ಕಾರಿನ ಕಥೆ ಬೇರೆ. 2010ರಿಂದ ಈಚೆಗಿನ ಕಾರುಗಳಲ್ಲಿ ಪರ್ಮನೆಂಟ್ ಕೋಡ್ ಎಂಬುದು ಉಳಿಯುತ್ತದೆ. ಬ್ಯಾಟರಿ ಕಳಚಿದರೂ ಸ್ಕ್ಯಾನರ್ ಹಾಕಿದರೂ ಅದು ಹೋಗುವುದಿಲ್ಲ. ಆ ದೋಷ ನಿಜವಾಗಿಯೂ ಹೋಗಿದೆ ಎಂದು ಕಾರೇ ಕಂಡುಕೊಂಡ ಮೇಲೆ ಅಳಿಸುತ್ತದೆ. 2019ರ ಜುಲೈ 1ರಿಂದ ಇಲ್ಲಿನ ಟೆಸ್ಟಿನಲ್ಲಿ ಅದನ್ನೂ ನೋಡುತ್ತಾರೆ. ಸ್ಕ್ಯಾನರಿನಿಂದ ಮಾಮೂಲಿ ಕೋಡ್ ಅಳಿಸಿದ ಮೇಲೆ 200 ಮೈಲಿ ಓಡಿ, 15 ಸಲ ಎಂಜಿನ್ ತಣ್ಣಗಾಗಿ ಮತ್ತೆ ಬಿಸಿಯಾಗಿದ್ದರೆ ಮಾತ್ರ ಆ ಕೋಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಕೋಡ್ ಇದ್ದವರು ಮೊದಲು ರಿಪೇರಿ ಮಾಡಿಸಿ, ಆಮೇಲೆ ಓಡಿಸಿ.

ಬ್ಯಾಟರಿ ಇನ್ನೂ ಜೀವ ಹಿಡಿದಿರುವಾಗಲೇ ಬದಲಿಸುವುದಾದರೆ ಮೆಮೊರಿ ಸೇವರ್ ಸಿಗುತ್ತದೆ. ಒಬಿಡಿ ಸಾಕೆಟ್ಟಿಗೆ ಸಿಕ್ಕಿಸಿದರೆ ಹಳೆಯದನ್ನು ಕಳಚಿ ಹೊಸದನ್ನು ಕೂರಿಸುವವರೆಗೆ ಕಂಪ್ಯೂಟರಿಗೆ ಕರೆಂಟು ಕೊಡುತ್ತಿರುತ್ತದೆ. ಮಾನಿಟರುಗಳು ತಡವಾದರೂ ರಿಜಿಸ್ಟ್ರೇಷನ್ ಫೀಸನ್ನು ಗಡುವಿನೊಳಗೆ ಕಟ್ಟಿಬಿಡಿ, ದಂಡ ಬೀಳುವುದಿಲ್ಲ. ಸ್ಮಾಗ್ ಫಲಿತಾಂಶ ಕಂಪ್ಯೂಟರಿನಲ್ಲೇ ಡಿಎಂವಿಗೆ, ಅಂದರೆ ಇಲ್ಲಿನ ಆರ್‌ಟಿಒಗೆ, ಹೋಗುತ್ತದೆ, ನವೀಕರಣದ ಸ್ಟಿಕ್ಕರು ಅದಾದ ಮೇಲೆ ಬರುತ್ತದೆ.