ಹಳೆಯ ಚಿತ್ರದ ವಿಸಿಡಿ ಸಿಕ್ಕಿದ್ದು, ಅದನ್ನು ಕಂಪ್ಯೂಟರಿಗೆ ಇಳಿಸಿದ್ದು

ನನಗೆ ಬೇಕಿದ್ದ ಕಪ್ಪು-ಬಿಳುಪು ಕನ್ನಡ ಚಿತ್ರದ ಹಾಡುಗಳಷ್ಟೇ ಯೂಟ್ಯೂಬ್‌ನಲ್ಲಿದ್ದವು. ಒಟಿಟಿಗಳಲ್ಲಿ ಸುಳಿವೇ ಇಲ್ಲ. ಹೆಸರನ್ನು ಹೇಗೆ ಬರೆದು ಹುಡುಕಿದರೂ ಅದೇ ಹೆಸರಿನ ಹೊಸ ಚಿತ್ರವೇ ಎದುರಾಗುತ್ತಿತ್ತು. ಕಲಬುರಗಿಯ ಪೇಟೆಯಾದ ಸೂಪರ್ ಮಾರ್ಕೆಟ್‌ನಲ್ಲಿ ಚಿತ್ರದ ಹೆಸರು ಹೇಳಿ ವಿಸಿಡಿ (ಚಿತ್ರ ತುಂಬಿದ ಸಿಡಿ) ಕೇಳಿದಾಗಲೂ ಇಲ್ಲವೆಂದರು. ‘ಅಣ್ಣಾ, ಆ ನಾಯಕನ ಹಳೆಯ ವಿಸಿಡಿಗಳ ಕಟ್ಟನ್ನೇ ಕೊಡಿ’ ಎಂದಾಗ ಅದರೊಳಗೇ ಸಿಕ್ಕಿತು. ಒಂದು ವಿಸಿಡಿಯಲ್ಲಿ ಹಿಡಿಯುವುದು ಸುಮಾರು 74 ನಿಮಿಷ. ಆದ್ದರಿಂದ ಎಲ್ಲ ಡಿಸ್ಕ್‌ಗಳೂ ಇವೆಯೇ ಎಂದು ಅಲ್ಲೇ ತೆರೆದು ನೋಡಿ.

ಮನೆಯಲ್ಲಿ ಎರಡನೆಯ ಡಿಸ್ಕ್‌ನ ಡಿಎಟಿ ಕಡತ (ಚಿತ್ರವಿರುವ ಕಡತ) ಅರ್ಧ ನಕಲಾಗಿ ನಿಲ್ಲುತ್ತಿತ್ತು. ವಿಸಿಡಿಯ ವಿಡಿಯೊ ಭಾಗದಲ್ಲಿ ದತ್ತಾಂಶ ಡಿಸ್ಕ್‌ನಷ್ಟು ದೋಷ ತಿದ್ದುವ ವ್ಯವಸ್ಥೆ ಇರುವುದಿಲ್ಲ, ಒಂದು ಗೀರು ಸಾಕು. ಮತ್ತೆ ಮತ್ತೆ ನಕಲಿಸಿದ್ದು, ಕಡತದ ಹೆಸರು ಬದಲಿಸಿದ್ದು ಫಲ ಕೊಡಲಿಲ್ಲ. ಟೂತ್‌ಪೇಸ್ಟ್ ಉಜ್ಜಿ ಗೀರು ತೆಗೆಯುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ.

ಕೊನೆಗೆ ಕೆಲಸ ಮಾಡಿದ ಕ್ರಮ ಇದು. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಹತ್ತಿಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಬಾರದು. ಪೂರ್ತಿ ಒಣಗಲಿ. ಲ್ಯಾಪ್‌ಟಾಪಿನ ಯುಎಸ್‌ಬಿ ಡಿಸ್ಕ್ ಡ್ರೈವ್ ಬಿಟ್ಟು ಹಳೆಯ ಡೆಸ್ಕ್‌ಟಾಪಿನ ಡಿವಿಡಿ ರೈಟರಿಗೆ ಹಾಕಿ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ತಂತ್ರಾಂಶದಲ್ಲಿ ಮೀಡಿಯಾ, ಓಪನ್ ಡಿಸ್ಕ್, ಎಸ್‌ವಿಸಿಡಿ/ವಿಸಿಡಿ ಆರಿಸಿ. ಪ್ಲೇ ಪಕ್ಕದ ಬಾಣದಲ್ಲಿ ಕನ್ವರ್ಟ್ ಒತ್ತಿ, ‘ಡಂಪ್ ರಾ ಇನ್‌ಪುಟ್’ ಗುರುತಿಸಿ, ಕಡತದ ಹೆಸರಿನ ಕೊನೆಗೆ ‘.mpg’ ಸೇರಿಸಿ. ಇದರಲ್ಲಿ ಮರುಸಂಕೋಚನವಿಲ್ಲ, ಚಿತ್ರದ ಗುಣಮಟ್ಟ ಹಾಗೇ ಉಳಿಯುತ್ತದೆ. ಗೀರಿದ್ದಲ್ಲಿ ಕ್ಷಣಕಾಲ ಚೌಕುಳಿ ಕಾಣಿಸಿ, ಮುಂದಿನ ದೃಶ್ಯ ಬಂತು.